ಸೆರಾಮಿಕ್ ದಂತ ಪುನಃಸ್ಥಾಪನೆಗಳ ಅಂಟುಜೋಡಣೆ

ಹುಳುಕು, ಸವೆತ ಅಥವಾ ಮುರಿತದಿಂದ ನಷ್ಟವಾದ ಹಲ್ಲಿನ ಭಾಗವನ್ನು ಸೆರಾಮಿಕ್ ತುಣುಕಿನಿಂದ ತುಂಬಿ, ಆ ತುಣುಕನ್ನು ರಾಳದ ಅಂಟಿನಿಂದ ಹಲ್ಲಿಗೆ ಬೆಸೆಯುವ ದಂತವೈದ್ಯಕೀಯ ವಿಧಾನವನ್ನು ಸೆರಾಮಿಕ್ ಅಂಟುಜೋಡಣೆ ಎನ್ನುತ್ತಾರೆ. ಇಲ್ಲಿ ತುಣುಕು ಮುಖ್ಯವಾಗಿ ಅಂಟಿನ ಬಲದಿಂದ ನಿಲ್ಲುತ್ತದೆ. ಆದ್ದರಿಂದ ಹಿಡಿತಕ್ಕಾಗಿಯೇ ಹಲ್ಲಿನ ಆರೋಗ್ಯಕರ ಭಾಗವನ್ನು ಕೊರೆಯುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

ಹಲ್ಲಿನ ರಚನೆ ಮತ್ತು ಸಂರಕ್ಷಣೆಯ ಮಹತ್ವ

ಹಲ್ಲಿನ ಹೊರಕವಚವಾದ ಎನಾಮೆಲ್‌ನ ತೂಕದಲ್ಲಿ ಸುಮಾರು 96% ಖನಿಜಾಂಶವಿರುತ್ತದೆ. ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ನಶಿಸುವುದರಿಂದ, ಒಮ್ಮೆ ಕೊರೆದು ತೆಗೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿನ ಡೆಂಟಿನ್ ಪದರದಲ್ಲಿ ಕೊಲ್ಲಾಜನ್ ಎಂಬ ಪ್ರೋಟೀನು, ನೀರು ಹಾಗೂ ತಿರುಳಿನತ್ತ ಸಾಗುವ ಸೂಕ್ಷ್ಮ ನಾಳಗಳಿವೆ. ಹೆಚ್ಚು ಆಳಕ್ಕೆ ಕೊರೆದಷ್ಟೂ ತಿರುಳಿಗೆ ಹಾನಿಯಾಗುವ ಸಂಭವ ಹೆಚ್ಚುತ್ತದೆ.

ಸತುವಿನ ಫಾಸ್ಫೇಟ್‌ನಂತಹ ಸಾಂಪ್ರದಾಯಿಕ ಸಿಮೆಂಟುಗಳು ಹಲ್ಲಿಗೂ ಕ್ಯಾಪ್‌ಗೂ ನಡುವಿನ ಸಂದನ್ನು ತುಂಬುತ್ತವೆಯೇ ಹೊರತು ರಾಸಾಯನಿಕವಾಗಿ ಬೆಸೆಯುವುದಿಲ್ಲ. ಹೀಗಾಗಿ ಕ್ಯಾಪ್ ಕಳಚದಂತೆ ನಿಲ್ಲಲು ಹಲ್ಲನ್ನು ಸುತ್ತಲೂ ಕೊರೆದು, ಗೋಡೆಗಳನ್ನು ಬಹುತೇಕ ಸಮಾಂತರವಾಗಿ ರೂಪಿಸಬೇಕಾಗುತ್ತದೆ. ಎಡೆಲ್‌ಹಾಫ್ ಮತ್ತು ಸೊರೆನ್ಸನ್ ಮುಂದಿನ ಹಲ್ಲುಗಳ ಬಗ್ಗೆ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ಣ ಕ್ಯಾಪ್‌ಗಾಗಿ ಒಸಡಿನ ಮೇಲಿನ ಹಲ್ಲಿನ ತೂಕದಲ್ಲಿ 63ರಿಂದ 72% ಭಾಗ ನಷ್ಟವಾಗುತ್ತದೆ. ಅಂಟಿಸುವ ವಿನೀರ್‌ ಮೊದಲಾದ ಮಿತ ಕೊರೆತದ ವಿಧಾನಗಳಲ್ಲಿ ಈ ನಷ್ಟ 3ರಿಂದ 30% ಮಾತ್ರ.

ಇತಿಹಾಸ

1930ರ ದಶಕದಲ್ಲಿ ಅಮೆರಿಕದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರ ಹಲ್ಲುಗಳಿಗೆ ತೆಳುವಾದ ಹೊದಿಕೆಗಳನ್ನು ತಯಾರಿಸಿದರು. ಶಾಶ್ವತವಾಗಿ ಹಿಡಿದಿಡುವ ಅಂಟು ಆಗ ಇಲ್ಲದಿದ್ದುದರಿಂದ ಅವು ಚಿತ್ರೀಕರಣದ ಅವಧಿಗಷ್ಟೇ ಉಪಯೋಗವಾಗುತ್ತಿದ್ದವು. ಮೈಕೆಲ್ ಬ್ಯುನೊಕೋರ್ 1955ರಲ್ಲಿ ಫಾಸ್ಫಾರಿಕ್ ಆಮ್ಲದಿಂದ ಎನಾಮೆಲನ್ನು ಸವೆಸಿದರೆ ರಾಳವು ಗಟ್ಟಿಯಾಗಿ ಹಿಡಿಯುತ್ತದೆಂದು ತೋರಿಸಿದರು. ರಫೇಲ್ ಬೋವೆನ್ 1960ರ ದಶಕದ ಆರಂಭದಲ್ಲಿ ಬಿಸ್-ಜಿಎಂಎ ರಾಳವನ್ನು ಅಭಿವೃದ್ಧಿಪಡಿಸಿದರು. ಜಪಾನಿನ ನೊಬುವೊ ನಕಬಯಾಶಿ 1982ರಲ್ಲಿ ರಾಳ ಮತ್ತು ಡೆಂಟಿನ್‌ನ ಕೊಲ್ಲಾಜನ್ ಹೆಣೆದುಕೊಂಡು ಉಂಟಾಗುವ ‘ಮಿಶ್ರ ಪದರ’ವನ್ನು ವಿವರಿಸಿದರು. ಮರುವರ್ಷ ಸೈಮನ್‌ಸನ್ ಮತ್ತು ಕಲಾಮಿಯಾ ಆಮ್ಲದಿಂದ ಸವೆಸಿದ ಪಿಂಗಾಣಿಗೂ ರಾಳ ಬಲವಾಗಿ ಅಂಟುತ್ತದೆಂದು ವರದಿ ಮಾಡಿದರು. 1985ರಲ್ಲಿ ಜ್ಯೂರಿಕ್‌ನಲ್ಲಿ ಕಂಪ್ಯೂಟರ್ ನೆರವಿನಿಂದ ಕಡೆದ ಮೊದಲ ಸೆರಾಮಿಕ್ ಇನ್‌ಲೇಯನ್ನು ರೋಗಿಯೊಬ್ಬರಿಗೆ ಅಳವಡಿಸಲಾಯಿತು.

ಜೋಡಣೆಯ ವಿಧಾನ

ಅಂಟುಜೋಡಣೆಯಲ್ಲಿ ಹಲ್ಲು ಮತ್ತು ಸೆರಾಮಿಕ್ ಎರಡರ ಮೇಲ್ಮೈಗಳನ್ನೂ ಸಿದ್ಧಪಡಿಸಬೇಕು. ಗಾಜಿನ ಅಂಶವಿರುವ ಸೆರಾಮಿಕ್‌ನ ಒಳಮೈಗೆ ಹೈಡ್ರೋಫ್ಲೂರಿಕ್ ಆಮ್ಲ ಹಚ್ಚಿದಾಗ ಗಾಜು ಭಾಗಶಃ ಕರಗಿ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ಲಿಥಿಯಂ ಡೈಸಿಲಿಕೇಟ್‌ಗೆ ಸಾಮಾನ್ಯವಾಗಿ 5% ಆಮ್ಲವನ್ನು 20 ಸೆಕೆಂಡು ಬಳಸುತ್ತಾರೆ. ಅಪಾಯಕಾರಿಯಾದ ಈ ಆಮ್ಲವನ್ನು ಬಾಯಿಯ ಹೊರಗೆ, ಸುರಕ್ಷಾಕ್ರಮಗಳೊಂದಿಗೆ ಬಳಸಲಾಗುತ್ತದೆ. ಬಳಿಕ ಲೇಪಿಸುವ ಸೈಲೇನ್ ಸಂಯುಕ್ತವು ಒಂದು ತುದಿಯಲ್ಲಿ ಸೆರಾಮಿಕ್‌ನೊಂದಿಗೂ ಇನ್ನೊಂದು ತುದಿಯಲ್ಲಿ ರಾಳದೊಂದಿಗೂ ಕೂಡಿಕೊಂಡು ಸೇತುವೆಯಾಗುತ್ತದೆ.

ಹಲ್ಲಿನ ಎನಾಮೆಲ್ ಮೇಲೆ 35ರಿಂದ 37% ಫಾಸ್ಫಾರಿಕ್ ಆಮ್ಲವನ್ನು 15ರಿಂದ 30 ಸೆಕೆಂಡು ಇರಿಸಿ ತೊಳೆದು, ಅಂಟುದ್ರಾವಣ ಹಚ್ಚುತ್ತಾರೆ. ನಂತರ ರಾಳದ ಸಿಮೆಂಟಿನೊಂದಿಗೆ ತುಣುಕನ್ನು ಕೂರಿಸಿ, ಹೆಚ್ಚುವರಿ ಸಿಮೆಂಟನ್ನು ತೆಗೆದು, ನೀಲಿ ಬೆಳಕಿನಿಂದ ಗಟ್ಟಿಗೊಳಿಸಲಾಗುತ್ತದೆ. ಬೆಳಕು ತಲುಪದಷ್ಟು ದಪ್ಪನೆಯ ತುಣುಕುಗಳಿಗೆ ರಾಸಾಯನಿಕವಾಗಿಯೂ ಗಟ್ಟಿಯಾಗುವ ಸಿಮೆಂಟು ಬೇಕು. ಜೊಲ್ಲು ಅಥವಾ ರಕ್ತ ತಗುಲಿದರೆ ಬಂಧ ದುರ್ಬಲವಾಗುವುದರಿಂದ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುವುದುಂಟು.

ಪ್ರಕಾರಗಳು ಮತ್ತು ವಸ್ತುಗಳು

ವಿನೀರ್ ಮುಂದಿನ ಹಲ್ಲಿನ ಹೊರಮೈಯನ್ನು ಮುಚ್ಚುವ ತೆಳು ಹೊದಿಕೆ. ಇನ್‌ಲೇ ದವಡೆ ಹಲ್ಲಿನ ಉಬ್ಬುಗಳ ನಡುವಿನ ಕುಳಿಯನ್ನು ತುಂಬುತ್ತದೆ. ಆನ್‌ಲೇ ಒಂದೆರಡು ಉಬ್ಬುಗಳನ್ನೂ ಆವರಿಸುತ್ತದೆ. ಫೆಲ್ಡ್‌ಸ್ಪಾರ್ ಪಿಂಗಾಣಿ ಸಹಜ ಹಲ್ಲಿನಂತೆ ಕಾಣುತ್ತದೆ, ಆದರೆ ಭಿದುರ. ಲಿಥಿಯಂ ಡೈಸಿಲಿಕೇಟ್ ಅದಕ್ಕಿಂತ ಬಲವಾದುದು. ಜಿರ್ಕೋನಿಯಾ ಇನ್ನೂ ಬಲವಾಗಿದ್ದರೂ ಅದರಲ್ಲಿ ಗಾಜಿನ ಅಂಶವಿಲ್ಲದ ಕಾರಣ ಮೇಲಿನ ಆಮ್ಲವಿಧಾನ ಫಲಿಸದು. ಅದರ ಒಳಮೈಗೆ ಅಲ್ಯುಮಿನಾ ಕಣಗಳನ್ನು ಗಾಳಿಯೊತ್ತಡದಲ್ಲಿ ಎರಚಿ, ಎಂಡಿಪಿ ಎಂಬ ಫಾಸ್ಫೇಟ್ ಸಂಯುಕ್ತವನ್ನು ಲೇಪಿಸುತ್ತಾರೆ.

ಮಿತಿಗಳು

ಎನಾಮೆಲ್‌ಗೆ ದೊರೆಯುವ ಬಂಧವು ಡೆಂಟಿನ್‌ಗೆ ದೊರೆಯುವುದಕ್ಕಿಂತ ಹೆಚ್ಚು ಬಾಳಿಕೆಯದು. ತೇವಾಂಶ ಮತ್ತು ಕಿಣ್ವಗಳ ಪ್ರಭಾವದಿಂದ ಡೆಂಟಿನ್‌ನ ಬಂಧ ಕಾಲಕ್ರಮೇಣ ಸಡಿಲಗೊಳ್ಳಬಹುದು. ಹೀಗಾಗಿ ಎನಾಮೆಲನ್ನು ಉಳಿಸುವುದು ಈ ವಿಧಾನದ ಗುರಿಯೂ ಹೌದು, ಅದರ ಯಶಸ್ಸಿನ ಆಧಾರವೂ ಹೌದು. ಒಸಡಿನ ಕೆಳಗೆ ಹರಡಿದ ಹುಳುಕು, ಹಲ್ಲನ್ನು ಒಣಗಿಸಿಡಲಾಗದ ಸ್ಥಿತಿ ಹಾಗೂ ಹಲ್ಲು ಕಡಿಯುವ ಅಭ್ಯಾಸ ಇದ್ದಾಗ ವೈಫಲ್ಯದ ಸಂಭವ ಹೆಚ್ಚು. ತುಣುಕಿನ ಬಿರುಕು, ಅಂಟು ಬಿಡುವುದು ಮತ್ತು ಅಂಚಿನಲ್ಲಿ ಮತ್ತೆ ಹುಳುಕಾಗುವುದು ಸಾಮಾನ್ಯ ತೊಂದರೆಗಳು. ಆದರೂ ಸಾಕಷ್ಟು ಹಲ್ಲು ಉಳಿದಿದ್ದರೆ ಮರುಜೋಡಣೆ ಅಥವಾ ಮುಂದೆ ಪೂರ್ಣ ಕ್ಯಾಪ್ ಹಾಕುವ ಅವಕಾಶ ಇದ್ದೇ ಇರುತ್ತದೆ.