ಮಂಜಿನೊಳಗಿನ ಹೋಟೆಲು, ಅದರ ದೆವ್ವಗಳು

ಅಮಾವಾಸ್ಯೆ ಹತ್ತಿರ ಬಂದರೆ ಸಾಕು, "ಒಂದು ದೆವ್ವದ ಕಥೆ ಹೇಳಿ" ಎಂದು ನಿಮ್ಮ ಪತ್ರಗಳು ಶುರುವಾಗುತ್ತವೆ. ಈ ಸಲದ ಕಥೆ ದೂರದ್ದು, ಕಾಂಬೋಡಿಯಾ ದೇಶದ್ದು. ಅಲ್ಲಿ ಕಂಪೋತ್ ಎಂಬ ಊರಿನ ಪಕ್ಕದಲ್ಲಿ, ಸಮುದ್ರಕ್ಕೆ ಮುಖಮಾಡಿ ಬೊಕೋರ್ ಬೆಟ್ಟ ನಿಂತಿದೆ. ಎತ್ತರ ಸಾವಿರ ಮೀಟರಿಗೂ ಹೆಚ್ಚು. ಅದರ ನೆತ್ತಿಯ ಮೇಲೆ, ಪ್ರಪಾತದ ಅಂಚಿನಲ್ಲೇ ಇರುವುದು ಬೊಕೋರ್ ಪ್ಯಾಲೇಸ್ ಹೋಟೆಲು.

ಬ್ರಿಟಿಷರಿಗೆ ಊಟಿ, ಮಸ್ಸೂರಿ, ಮಾಥೇರಾನ್ ಬೇಕಾದ ಹಾಗೆಯೇ, ಕಾಂಬೋಡಿಯಾ ಆಳುತ್ತಿದ್ದ ಫ್ರೆಂಚರಿಗೂ ಸೆಕೆಯಿಂದ ತಪ್ಪಿಸಿಕೊಳ್ಳಲು ಒಂದು ತಂಪು ಜಾಗ ಬೇಕಾಗಿತ್ತು. 1925ರ ಫೆಬ್ರವರಿ 14ರಂದು ಹೋಟೆಲಿನ ಬಾಗಿಲು ತೆರೆಯಿತು. ಸುತ್ತ ಒಂದು ಪುಟ್ಟ ಊರೇ ಎದ್ದಿತು. ಚರ್ಚು ಕೂಡ ಇತ್ತು.

ಆದರೆ ಆ ವೈಭವ ಹೆಚ್ಚು ದಿನ ಬಾಳಲಿಲ್ಲ. 1940ರ ದಶಕದ ಕೊನೆಗೆ ಫ್ರೆಂಚರ ವಿರುದ್ಧ ಯುದ್ಧ ಜೋರಾದಾಗ ಬೆಟ್ಟ ಖಾಲಿಯಾಯಿತು. ಸಿಹಾನೂಕ್ ಕಾಲದಲ್ಲಿ, 1962ರಲ್ಲಿ, ಮತ್ತೆ ದೀಪ ಹತ್ತಿತು, ಬೆಟ್ಟಕ್ಕೆ ಕ್ಯಾಸಿನೊ ಬಂತು. ಹತ್ತೇ ವರ್ಷ. 1972ರ ಹೊತ್ತಿಗೆ ಖ್ಮೇರ್ ರೂಜ್ ಪಡೆಗಳು ಬೆಟ್ಟ ಹತ್ತಿದವು, ಅತಿಥಿಗಳು ಇಳಿದು ಹೋದರು. 1979ರಲ್ಲಿ ವಿಯೆಟ್ನಾಂ ಸೇನೆ ಬಂದಾಗ ಒಂದು ಪಡೆ ಹೋಟೆಲಿನಲ್ಲಿ, ಇನ್ನೊಂದು ಚರ್ಚಿನಲ್ಲಿ ಕೂತು ಗುಂಡು ಹಾರಿಸಿದವಂತೆ. ಆಮೇಲೆ ಉಳಿದದ್ದು ಬರೀ ಗೋಡೆ. ಕಿಟಕಿಗೆ ಚೌಕಟ್ಟಿಲ್ಲ, ನೆಲಕ್ಕೆ ಹಾಸಿಲ್ಲ.

ದೆವ್ವಗಳು ಬಂದು ಸೇರಿದ್ದು ಇಂಥ ಮನೆಗೆ. ಜೂಜಿನಲ್ಲಿ ಎಲ್ಲ ಕಳಕೊಂಡವರು ಹೋಟೆಲಿನ ಹಿಂದಿನ ಪ್ರಪಾತಕ್ಕೆ ಹಾರಿದರು, ಅವರ ಆತ್ಮಗಳು ಇನ್ನೂ ಅಲ್ಲೇ ಅಲೆಯುತ್ತಿವೆ ಎನ್ನುವುದು ಎಲ್ಲರೂ ಹೇಳುವ ಕಥೆ. ನೋಡಲು ಹೋದವರು ಹೆದರಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಸಮುದ್ರದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಮಂಜಾಗುತ್ತದೆ, ಬಾಗಿಲಿಲ್ಲದ ಕೋಣೆಗಳೊಳಗೇ ನಡೆದು ಬರುತ್ತದೆ. ಎದುರಿಗಿದ್ದ ಗೋಡೆ ಕಣ್ಣೆದುರೇ ಮಾಯ! ಗೋಡೆಯ ಮೇಲಿನ ಕೆಂಪು ಕಲೆಗಳು ರಕ್ತದ್ದೇ ಎಂದು ನಂಬಿದವರಿದ್ದರು. ಅವು ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ಲ, ಪುಣೆಯ ಮಾರುಕಟ್ಟೆಯಲ್ಲಿ ದಗಡ್ ಫೂಲ್ ಎಂದು ಕೇಳಿ ತರುತ್ತೇವಲ್ಲ, ಅದರ ಕೆಂಪು ಬಣ್ಣದ ನೆಂಟ. ತೇವದ ಗೋಡೆ ಸಿಕ್ಕರೆ ಹಬ್ಬುತ್ತದೆ. ಸಿನಿಮಾದವರೂ ಬಿಡಲಿಲ್ಲ. 2004ರ ಕೊರಿಯನ್ ಭಯಾನಕ ಚಿತ್ರ 'ಆರ್-ಪಾಯಿಂಟ್' ಚಿತ್ರೀಕರಣವಾದದ್ದು ಇಲ್ಲೇ.

ನನ್ನನ್ನು ಕಾಡಿದ್ದು ಬೇರೆ ವಿಷಯ. ತಪ್ಪಲಿನಿಂದ ಮೇಲಕ್ಕೆ 30 ಕಿಲೋಮೀಟರಿಗೂ ಉದ್ದದ ಹಾವಿನಂಥ ದಾರಿ. ಅದನ್ನು ಕಾಡು ಕಡಿದು, ಬಂಡೆ ಒಡೆದು ಮಾಡಿದವರು ಕೈದಿಗಳು ಮತ್ತು ಬಲವಂತದ ಕೂಲಿಗಳು. ಬೆಟ್ಟದ ಕೆಲಸದಲ್ಲಿ ಒಂಬತ್ತು ತಿಂಗಳಲ್ಲಿ ಸುಮಾರು 900 ಮಂದಿ ಸತ್ತರೆಂಬ ಲೆಕ್ಕ ಬೊಕೋರ್ ಬಗ್ಗೆ ಬರೆದವರೆಲ್ಲ ಕೊಡುತ್ತಾರೆ. ಫ್ರೆಂಚ್ ಲೇಖಕಿ ಮಾರ್ಗರೀತ್ ದ್ಯೂರಾ ಅವರ ತಾಯಿಗೆ ಆ ಸೀಮೆಯಲ್ಲೇ ಜಮೀನಿತ್ತು. 1950ರ ತಮ್ಮ ಕಾದಂಬರಿಯಲ್ಲಿ ಅವರು ಆ ಭಾಗದ ರಸ್ತೆ ಕೆಲಸದ ಕೈದಿಗಳ ಪಾಡನ್ನು ಬರೆದಿದ್ದಾರೆ. ಜೂಜಾಡಿ ಸೋತವನು ದೆವ್ವವಾಗಿ ಹೆಸರು ಮಾಡಿದ. ಕಲ್ಲು ಹೊತ್ತು ಸತ್ತವನಿಗೆ ದೆವ್ವದ ಕಥೆಯಲ್ಲೂ ಜಾಗ ಸಿಗಲಿಲ್ಲ ನೋಡಿ. ಮೇಲೆ ಮಲಗಲು ಹೋದವರೇ ಕಥೆ ಹೇಳಿದ್ದರಿಂದ ಹೀಗಾಯಿತೇನೋ ಎಂದು ನನಗನ್ನಿಸುತ್ತದೆ.

ಈಗ ಆ ಹೋಟೆಲು ಪಾಳು ಅಲ್ಲ. ಒಂದು ಖಾಸಗಿ ಕಂಪನಿ ಬೆಟ್ಟವನ್ನು 99 ವರ್ಷಕ್ಕೆ ಗುತ್ತಿಗೆ ಹಿಡಿದು ದಾರಿಯನ್ನು ಅಗಲ ಮಾಡಿತು, ಗೋಡೆಗಳನ್ನು ಉಜ್ಜಿ ಬಣ್ಣ ಬಳಿಯಿತು. 2018ರಲ್ಲಿ ಬೊಕೋರ್ ಪ್ಯಾಲೇಸ್ ಮತ್ತೆ ತೆರೆಯಿತು. ಕಲ್ಲುಹೂವು ಹೋಯಿತು, ಮಂಜು ಮಾತ್ರ ಬರುತ್ತಲೇ ಇದೆ.

ದಾರಿಯಲ್ಲಿ ಒಂದು ದೊಡ್ಡ ವಿಗ್ರಹ ಸಿಗುತ್ತದೆ. ಅವಳು ಯೇಯ್ ಮಾವ್. ಯೇಯ್ ಎಂದರೆ ಅಜ್ಜಿ. ಆ ಕರಾವಳಿಯ ಪ್ರಯಾಣಿಕರನ್ನು ಕಾಯುವವಳು. ನಮ್ಮ ಘಾಟಿಗಳಲ್ಲಿ ಡ್ರೈವರುಗಳು ಗಾಡಿ ನಿಲ್ಲಿಸಿ ಕಾಯಿ ಒಡೆಯುವ ಹಾಗೆ, ಅಲ್ಲಿಯವರು ಅಜ್ಜಿಗೆ ಬಾಳೆಹಣ್ಣು ಇಟ್ಟು, ಕೈಮುಗಿದು ಮುಂದೆ ಹೋಗುತ್ತಾರೆ.