ಸಣ್ಣ ಬೇಸಾಯದ ಮೊದಲ ವರ್ಷ

ಪಟ್ಟಣದಲ್ಲಿ ಹುಟ್ಟಿ, ಪಟ್ಟಣದಲ್ಲಿಯೇ ಓದಿ, ಸಂಬಳದ ಕೆಲಸದಲ್ಲಿ ತಲೆ ನರೆತ ನಮ್ಮಂಥವರಲ್ಲಿ ಅನೇಕರಿಗೆ ಎರಡು ಎಕರೆ ಭೂಮಿಯನ್ನು ಕೊಂಡು ಬೇಸಾಯ ಮಾಡಬೇಕೆಂಬ ಬಯಕೆಯುಂಟು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಯು ತಿದ್ದುಪಡಿಯಾಗಿ, ಬೇಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳುವುದಕ್ಕಿದ್ದ ಅಡ್ಡಿಯು ತೊಲಗಿತು. ಬಯಕೆಗೆ ದಾರಿಯೂ ತೆರೆಯಿತು. ಆದರೆ ಇದಕ್ಕೆ ತೊಡಗಿಸುವ ಹಣವು ಸಾಮಾನ್ಯವಾಗಿ ಜೀವಮಾನದ ಉಳಿತಾಯವಾಗಿರುತ್ತದೆ. ಹೋದರೆ ಅದನ್ನು ಮತ್ತೆ ಗಳಿಸುವ ವಯಸ್ಸು ಉಳಿದಿರುವುದಿಲ್ಲ. ಆದಕಾರಣ ಹಳೆಯ ಮೈಸೂರು ಸೀಮೆಯ ಕೆಂಪು ಹೊಲವೊಂದನ್ನು ಕಣ್ಣಮುಂದಿಟ್ಟುಕೊಂಡು ಕೆಲವು ಮೊದಲ ಪಾಠಗಳನ್ನು ವಿಚಾರಿಸೋಣ.

ಕಾಗದಪತ್ರಗಳ ಮಾತನ್ನು ವಕೀಲರಿಗೆ ಬಿಡುತ್ತೇವೆ. ಒಂದನ್ನು ಮಾತ್ರ ಹೇಳಬೇಕು: ಪಹಣಿಯಲ್ಲಿ ಕಾಣುವ ವಿಸ್ತೀರ್ಣದಿಂದ ಖರಾಬನ್ನು ಕಳೆದು ಉಳಿದದ್ದೇ ಸಾಗುವಳಿಯ ನೆಲ. 40 ಗುಂಟೆಗೆ ಒಂದು ಎಕರೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ.

ಮಣ್ಣಿಗಿಂತಲೂ ಮೊದಲು ನೋಡತಕ್ಕದ್ದು ನೀರು. ಮಾರುವವರು ಕೊಳವೆಬಾವಿಯಲ್ಲಿ ಎರಡಿಂಚು ನೀರಿದೆ ಎನ್ನುತ್ತಾರೆ. ಆ ಇಂಚು ಯಾವ ತಿಂಗಳಿನದೆಂದು ಕೇಳಬೇಕು. ಕಾರ್ತೀಕದಲ್ಲಿ ಧಾರಾಳವಾಗಿ ಹರಿಸಿದ ಬಾವಿಯು ಚೈತ್ರದಲ್ಲಿ ಬರಿಯ ಗಾಳಿಯನ್ನು ಉಗುಳುವುದುಂಟು. ಏಪ್ರಿಲ್ ತಿಂಗಳಿನಲ್ಲಿ ಪಂಪನ್ನು ನಾಲ್ಕಾರು ಗಂಟೆ ಎಡೆಬಿಡದೆ ನಡೆಸಿ, ಅನಂತರ ಇನ್ನೂರು ಲೀಟರಿನ ಪೀಪಾಯಿಯು ಎಷ್ಟು ಹೊತ್ತಿಗೆ ತುಂಬುವುದೆಂದು ಗಡಿಯಾರ ಹಿಡಿದು ನೋಡಿದರೆ ನಿಜಸ್ಥಿತಿ ತಿಳಿಯುವುದು. ಇನ್ನು ಆಕಾಶದ ನೀರು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರು! ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಅಡ್ಡಲಾಗಿಯೇ ಉತ್ತು, ತಗ್ಗಿನ ಮೂಲೆಯಲ್ಲಿ ಕೃಷಿಹೊಂಡವನ್ನು ತೋಡಿದರೆ ಅದರಲ್ಲಿ ಒಂದು ಪಾಲಾದರೂ ನಮ್ಮದಾಗುವುದು. ಹೊಸ ಒಡೆಯರು ಮೊಟ್ಟಮೊದಲು ಕಬ್ಬಿಣದ ಗೇಟನ್ನು ಏಕೆ ನಿಲ್ಲಿಸುವರೋ ನಮಗೆ ತಿಳಿಯದು. ಮೇಲ್ಮಣ್ಣು ಹೊರಗೆ ಹೋಗುವುದು ಗೇಟಿನ ಮೂಲಕವಲ್ಲ.

ಮಣ್ಣಿನ ಪರೀಕ್ಷೆಯು ಕಷ್ಟದ ಕೆಲಸವಲ್ಲ. ಮರದ ಬುಡ, ಬದು, ತಿಪ್ಪೆಯಿದ್ದ ಜಾಗ ಇವುಗಳನ್ನು ಬಿಟ್ಟು ಹೊಲದ ಹತ್ತಾರು ಕಡೆ ಅರ್ಧ ಅಡಿ ಆಳದ ಗುಳಿ ತೆಗೆದು, ಗುಳಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಮಣ್ಣನ್ನು ಕೆರೆದು, ಎಲ್ಲವನ್ನೂ ಬೆರಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷಾಲಯಕ್ಕೆ ಕೊಡುವುದು. ಗೊಬ್ಬರ ಹಾಕುವುದಕ್ಕೆ ಮುಂಚೆಯೇ ಇದನ್ನು ಮಾಡತಕ್ಕದ್ದು.

ಯಾವ ಬೆಳೆ? ತೆಂಗಿನ ತೋಟವೆಂದು ಎಲ್ಲರೂ ಹೇಳುತ್ತಾರೆ. 30 ಅಡಿಗೆ ಒಂದರಂತೆ ಎಕರೆಗೆ 48 ಸಸಿಗಳು ಹಿಡಿಯುವುವು. ಆದರೆ ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷಗಳು ಬೇಕು. ಅಷ್ಟು ಕಾಲವೂ ಬೇಸಗೆಯ ನೀರು ತಪ್ಪಬಾರದು, ಮನೆಯ ಖರ್ಚಂತೂ ಕಾಯುವುದಿಲ್ಲ. ಮೊದಲ ವರ್ಷಕ್ಕೆ ರಾಗಿಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಪಡೆದ ಮೇಲೆ ಇಳುವರಿಯೂ ಹೆಚ್ಚಿತು. ಎಕರೆಗೆ ಮೂರು ಟನ್ನು ಕೊಟ್ಟಿಗೆಗೊಬ್ಬರ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಅಂಚಿನಲ್ಲಿ ಹುಚ್ಚೆಳ್ಳನ್ನೋ ಅವರೆಯನ್ನೋ ಹಾಕಬಹುದು. ಇದನ್ನೇ ನಮ್ಮ ರೈತರು ಅಕ್ಕಡಿ ಎನ್ನುವುದು. ಮಳೆಯು ನಡುವೆ ಕೈಕೊಟ್ಟು ರಾಗಿ ಸೊರಗಿದರೂ, ಆಳಕ್ಕೆ ಬೇರು ಬಿಡುವ ತೊಗರಿಯು ಹಿಂಗಾರಿನ ಹನಿಗಳಿಂದ ಚೇತರಿಸಿಕೊಳ್ಳಬಲ್ಲದು. ಇಂಥ ಬೆಳೆಯಲ್ಲಿ ನಷ್ಟವಾದರೂ ಅದು ಒಂದು ಹಂಗಾಮಿನ ನಷ್ಟ. ಅಷ್ಟರಲ್ಲಿ ನೀರು ಎಲ್ಲಿ ನಿಲ್ಲುವುದು, ಯಾವ ಮೂಲೆಯಲ್ಲಿ ಪೈರು ಕುಗ್ಗುವುದು ಎಂಬುದೆಲ್ಲ ಕಣ್ಣಿಗೆ ಬಿದ್ದಿರುತ್ತದೆ.

ಕೂಲಿಯ ಮಾತು ಕೊನೆಯದು. ಹದವಾದ ಮಳೆ ಬಿದ್ದರೆ ಕೂರಿಗೆ, ಟ್ರ್ಯಾಕ್ಟರು, ಆಳುಗಳು ಊರಿಗೆಲ್ಲ ಒಂದೇ ವಾರದಲ್ಲಿ ಬೇಕಾಗುವುವು. ಭಾನುವಾರ ಮಾತ್ರ ಕಾರಿನಲ್ಲಿ ಬಂದು ಹೋಗುವವರ ಸರದಿ ಎಲ್ಲರ ಹಿಂದೆ. ಯುಗಾದಿಯ ವೇಳೆಗೇ ಪಕ್ಕದ ಹೊಲದ ಗೌಡರನ್ನು ಕಂಡು, ಅವರ ಬಿತ್ತನೆಯ ಮರುದಿನ ನಮ್ಮದೆಂದು ಮಾತಾಡಿಕೊಂಡು, ಮುಂಗಡವನ್ನೂ ಕೊಟ್ಟು ಬರುವುದು ಲೇಸು.