ಕರಕರ ಸದ್ದಿನ ಹಳೇ ಯಂತ್ರ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ದಿನ ಎರಡು ಬಿಲ್ಲು ತಂದರು. ಒಂದು ಮಿಕ್ಸಿ ಕೊಂಡದ್ದು. ಅದಕ್ಕೆ ಎಂಟು ತಿಂಗಳಾಗಿತ್ತು. ಇನ್ನೊಂದು ಸೊಸೈಟಿಯಲ್ಲಿ ಗೊಬ್ಬರ ಕೊಂಡದ್ದು. ಅದಕ್ಕೆ ಎರಡು ವರ್ಷವಾಗಿತ್ತು.

ಮಿಕ್ಸಿ ಕೆಟ್ಟಿತ್ತು. ಒಂದು ವರ್ಷದ ಗ್ಯಾರಂಟಿ ಇತ್ತು. ಅಂಗಡಿಯವರು "ಬಿಲ್ಲು ತೋರಿಸಮ್ಮ" ಅಂದರು. ಅಕ್ಕ ಬಿಲ್ಲನ್ನು ಒಲೆ ಪಕ್ಕದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ತೆಗೆದು ನೋಡಿದರೆ ಬರೀ ಬಿಳಿ ಕಾಗದ! ಒಂದು ಅಕ್ಷರವೂ ಇಲ್ಲ. ಗೊಬ್ಬರದ ಬಿಲ್ಲಿನ ಅಕ್ಷರ ಮಾತ್ರ ಹಾಗೇ ಇತ್ತು.

"ಟೀಚರ್, ಮಿಕ್ಸಿ ಅಂಗಡಿಯದು ಹೊಸ ಯಂತ್ರ. ಸದ್ದೇ ಇಲ್ಲ. ಸೊಸೈಟಿಯದು ಹಳೇದು, ಕರಕರ ಅನ್ನುತ್ತೆ. ಹಳೇದರ ಅಕ್ಷರ ಉಳೀತು, ಹೊಸದರದ್ದು ಅಳಿಸಿಹೋಯ್ತು. ಯಾಕೆ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ ಅಲ್ಲವೇ? ಬನ್ನಿ, ತಿಳಿಯೋಣ.

ಹಳೇ ಯಂತ್ರದ ಹೆಸರು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಡಾಟ್ ಅಂದರೆ ಚುಕ್ಕಿ. ನಾವು ಚುಕ್ಕಿ ಇಟ್ಟು ರಂಗೋಲಿ ಹಾಕುತ್ತೇವೆ. ಈ ಯಂತ್ರ ಚುಕ್ಕಿ ಇಟ್ಟು ಅಕ್ಷರ ಮೂಡಿಸುತ್ತದೆ. ಇದರ ತಲೆಯಲ್ಲಿ ಸಣ್ಣ ಸೂಜಿಗಳಿವೆ. ಕೆಲವು ಯಂತ್ರದಲ್ಲಿ 9, ಕೆಲವದರಲ್ಲಿ 24. ಸೂಜಿಗೂ ಕಾಗದಕ್ಕೂ ನಡುವೆ ಶಾಯಿ ಹಚ್ಚಿದ ರಿಬ್ಬನ್ ಇರುತ್ತದೆ. ಸೂಜಿ ರಿಬ್ಬನ್ನಿಗೆ ಹೊಡೆದಾಗ ಕಾಗದದ ಮೇಲೆ ಚುಕ್ಕಿ ಬೀಳುತ್ತದೆ. ಆ ಹೊಡೆತದ ಸದ್ದೇ ಕರಕರ.

ಈ ಯಂತ್ರ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಆಮೇಲೆ ಲೇಸರ್ ಪ್ರಿಂಟರ್ ಬಂತು. ಅದು ಬೇಗ ಅಚ್ಚು ಮಾಡುತ್ತದೆ. ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೂ ಬ್ಯಾಂಕು, ಗೋದಾಮು, ಲಾರಿ ಆಫೀಸುಗಳಲ್ಲಿ ಹಳೇ ಯಂತ್ರ ಇನ್ನೂ ಇದೆ. ಕಾರಣ ಏನು?

ಮೊದಲನೆಯದು, ಪ್ರತಿಗಳು. ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದರೆ ಕೆಳಗಿನ ಹಾಳೆಗೂ ಅಕ್ಷರ ಬೀಳುತ್ತದೆ. ಇದೂ ಹಾಗೆಯೇ. ಸೂಜಿಯ ಒಂದೇ ಹೊಡೆತಕ್ಕೆ ಎರಡು ಮೂರು ಪ್ರತಿ ಸಿಗುತ್ತದೆ. ಲೇಸರ್ ಯಂತ್ರ ಹೊಡೆಯುವುದಿಲ್ಲ. ಹಾಗಾಗಿ ಕೆಳಗಿನ ಹಾಳೆಗೆ ಅಕ್ಷರ ಬೀಳದು. 2017ರಲ್ಲಿ ಜಿಎಸ್‌ಟಿ ತೆರಿಗೆ ಬಂತು. ಅದರ ನಿಯಮದಂತೆ ಸರಕಿನ ಬಿಲ್ಲಿಗೆ 3 ಪ್ರತಿ ಇರಬೇಕು. ಒಂದು ಕೊಂಡವರಿಗೆ, ಒಂದು ಸಾಗಿಸುವವರಿಗೆ, ಒಂದು ಮಾರಿದವರಿಗೆ. ಒಟ್ಟಿಗೇ ಅಚ್ಚಾದರೆ ಮೂರರಲ್ಲೂ ಒಂದೇ ಲೆಕ್ಕ.

ಎರಡನೆಯದು, ಪಾಸ್‌ಬುಕ್ಕು. ಅದು ದಪ್ಪ, ನಡುವೆ ಹೊಲಿಗೆ ಬೇರೆ. ಲೇಸರ್ ಯಂತ್ರದೊಳಗೆ ಅದು ಹೋಗದು. ಬ್ಯಾಂಕಿನಲ್ಲಿ ಅದಕ್ಕೆಂದೇ ಸೂಜಿ ಯಂತ್ರ ಇಟ್ಟಿರುತ್ತಾರೆ.

ಮೂರನೆಯದು, ಖರ್ಚು ಕಡಿಮೆ. ರಿಬ್ಬನ್ ಅಗ್ಗ. ಧೂಳಿನ ಜಾಗದಲ್ಲೂ ವರ್ಷಗಟ್ಟಲೆ ದುಡಿಯುತ್ತದೆ.

ಇನ್ನು ಮಿಕ್ಸಿ ಬಿಲ್ಲಿನ ವಿಷಯ. ಅದು ಶಾಖದ ಕಾಗದ. ಆ ಯಂತ್ರದಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಮೊದಲೇ ರಾಸಾಯನಿಕ ಹಚ್ಚಿರುತ್ತಾರೆ. ಬಿಸಿ ತಾಗಿದ ಕಡೆ ಅದು ಕಪ್ಪಾಗುತ್ತದೆ. ಎಟಿಎಂ ಚೀಟಿಯೂ ಇಂಥದೇ. ಬಿಸಿಲು, ಒಲೆಯ ಶಾಖ, ಎಣ್ಣೆ ಕೈ, ಪ್ಲಾಸ್ಟಿಕ್ ಕವರು ಇದಕ್ಕೆ ಆಗದು. ಅಕ್ಷರ ಮಾಸಿಹೋಗುತ್ತದೆ.

ಗುರುತು ಹಿಡಿಯುವುದು ಸುಲಭ. ಬಿಲ್ಲಿನ ಮೂಲೆಯನ್ನು ಉಗುರಿನಿಂದ ಜೋರಾಗಿ ಗೀರಿ. ಕಪ್ಪು ಗೆರೆ ಬಿತ್ತೇ? ಹಾಗಾದರೆ ಅದು ಶಾಖದ ಕಾಗದ.

ಅಕ್ಕಂದಿರೇ, ಇಷ್ಟು ನೆನಪಿಡಿ:

• ಬಿಲ್ಲನ್ನು ಅಂಗಡಿಯಲ್ಲೇ ಓದಿ. ಸಾಮಾನಿನ ಹೆಸರು, ತಾರೀಖು, ಹಣ ಸರಿ ಇದೆಯೇ ನೋಡಿ.
• ಗ್ಯಾರಂಟಿ ಇರುವ ಸಾಮಾನಿನ ಬಿಲ್ಲು ಶಾಖದ ಕಾಗದವಾದರೆ ಅದೇ ವಾರ ಜೆರಾಕ್ಸ್ ಮಾಡಿಸಿ.
• ಪಾಸ್‌ಬುಕ್ಕಿನ ಅಕ್ಷರ ಮಸುಕಾಗಿದ್ದರೆ ರಿಬ್ಬನ್ ಹಳೆಯದಾಗಿರಬಹುದು. "ಓದೋಕೆ ಬರ್ತಿಲ್ಲ ಸಾರ್, ಇನ್ನೊಂದು ಸಲ ಹಾಕಿಕೊಡಿ" ಅನ್ನಿ. ಸಂಕೋಚ ಬೇಡ. ಆ ಹಣ ನಿಮ್ಮದು.

ಆ ಅಕ್ಕ ಮಿಕ್ಸಿ ರಿಪೇರಿಗೆ ಕೈಯಿಂದಲೇ ದುಡ್ಡು ಕೊಟ್ಟರು. ಮೊನ್ನೆ ಕುಕ್ಕರ್ ಕೊಂಡರು. ಅಂಗಡಿಯಲ್ಲೇ ಬಿಲ್ಲಿನ ಮೂಲೆ ಗೀರಿ ನೋಡಿದರು. ಕಪ್ಪು ಗೆರೆ ಬಿತ್ತು. ಅಲ್ಲಿಂದ ನೇರ ಜೆರಾಕ್ಸ್ ಅಂಗಡಿಗೆ ಹೋದರು.

ನಿಮ್ಮ ಮನೆಯಲ್ಲಿರುವ ಬಿಲ್ಲುಗಳನ್ನು ಇವತ್ತೇ ತೆಗೆದು ನೋಡಿ. ಎಷ್ಟು ಬಿಲ್ಲಿನ ಅಕ್ಷರ ಉಳಿದಿದೆ?